ಕಂಟ್ರೋಲ್ ಮೇಲಿನ ಕಿರುಬೆರಳು

ಮಸ್ಕಿಯ ಫೋಟೋ ಸ್ಟುಡಿಯೋ ಸೂಗಪ್ಪನ ಎಡಗೈ ಕಿರುಬೆರಳಿಗೆ ಒಂದೇ ಕೆಲಸ, ಕಂಪ್ಯೂಟರಿನ ಕಂಟ್ರೋಲ್ ಕೀ ಒತ್ತಿಕೊಂಡು ಕೂರುವುದು. ಮದುವೆ ಆಲ್ಬಮ್ಮಿಗೆ ಫೋಟೋ ಆರಿಸಲು ಮಂದಿ ಬಂದು ಪಕ್ಕದಲ್ಲಿ ಕೂರುತ್ತಾರೆ. ಅವರು ತೋರಿಸಿದ್ದನ್ನು ಇವನು ಮೌಸಿನಿಂದ ಒತ್ತುತ್ತಾನೆ, ಒತ್ತಿದ್ದು ನೀಲಿಯಾಗುತ್ತದೆ. ಎಲ್ಲ ಮುಗಿಯುವ ತನಕ ಕಿರುಬೆರಳು ಅಲುಗುವುದಿಲ್ಲ. ಚಹಾ ಬಂದರೆ ಬಲಗೈಯಲ್ಲಿ ಕುಡಿಯುತ್ತಾನೆ, ಸೊಳ್ಳೆ ಕಚ್ಚಿದರೆ ಕಚ್ಚಿಸಿಕೊಳ್ಳುತ್ತಾನೆ. ಹಿಂದೊಮ್ಮೆ ಕೈ ತೆಗೆದು ಮೌಸ್ ಒತ್ತಿ, ಆರಿಸಿದ್ದೆಲ್ಲ ಮಾಯವಾಗಿ, ಬೀಗರಿಬ್ಬರಿಂದಲೂ ಬೈಸಿಕೊಂಡಿದ್ದ.

ಅದೇ ಅಂಗಡಿಯ ಮೂಲೆಯಲ್ಲಿ ಜೆರಾಕ್ಸ್ ಇಟ್ಟುಕೊಂಡಿರುವ ನಾನು ಹೇಳಿ ಹೇಳಿ ಸೋತಿದ್ದೇನೆ. "ಮೌಸ್ ಒತ್ತುವಾಗಷ್ಟ ಹಿಡದ್ರ ಸಾಕೋ ಪುಣ್ಯಾತ್ಮಾ."

"ಸುಮ್ನಿರಲೇ. ಕೈ ಬಿಟ್ರ ಎಲ್ಲಾ ಹೋಗ್ತಾವ."

ಮೊನ್ನೆ ಪಾಮನಕಲ್ಲೂರಿನ ಅಮರಮ್ಮ ಮಗಳ ಮದುವೆ ಫೋಟೋ ಆರಿಸಲು ಬಂದಳು. ಕೂರುವ ಮೊದಲೇ ಕರಾರು ಹಾಕಿದಳು.

"ಸೂಗಪ್ಪಣ್ಣ, ನಮ್ಮಕ್ಕ ಉಮಾದೇವಿ ಇದ್ದದ್ದು ಒಂದೂ ಬ್ಯಾಡ್ರಿ."

ಮದುವೆಯಲ್ಲಿ ಬಳಗಕ್ಕೆ ಉಡುಗೊರೆಯ ಆಯೇರಿ ಸೀರೆ ಕೊಡುವಾಗ ತನ್ನನ್ನು ಮೊದಲು ಕರೆಯಲಿಲ್ಲವೆಂದು ಆ ಅಕ್ಕ ಉಣ್ಣದೆ ಮದುವೆಮನೆಯಿಂದ ಎದ್ದುಹೋಗಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಆಲ್ಬಮ್ ಆಯಿತೆಂದರೆ ಬಳಗವೆಲ್ಲ ನೋಡುತ್ತದೆ. ಅದರಲ್ಲಿ ಅಕ್ಕನೇ ಇಲ್ಲವೆಂದರೆ ಇವರಿನ್ನು ಈ ಜನ್ಮದಲ್ಲಿ ಕೂಡುವುದಿಲ್ಲ. ಸೂಗಪ್ಪನಿಗೂ ಅದು ಗೊತ್ತಿತ್ತು, ಆದರೂ ಉಮಾದೇವಿ ಇದ್ದ ಫೋಟೋಗಳನ್ನು ದಾಟಿಕೊಂಡೇ ಹೋದ.

ಮದುಮಕ್ಕಳಿಗೆ ಅಕ್ಕಿಕಾಳು ಹಾಕುವ ಫೋಟೋಗಳು ಮುಗಿದವು. ಆಮೇಲೆ ಬಂದದ್ದರಲ್ಲಿ, ಅಳುತ್ತಿದ್ದ ಮದುಮಗಳ ಕಣ್ಣನ್ನು ಉಮಾದೇವಿ ತನ್ನ ಹೊಸ ಸೀರೆಯ ಸೆರಗಿನಿಂದ ಒರೆಸುತ್ತಿದ್ದಳು. ಬೇಡ ಎನ್ನಲು ಬಾಯಿ ತೆರೆದ ಅಮರಮ್ಮ ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಸೂಗಪ್ಪ ಗಾಬರಿಬಿದ್ದು ಎರಡೂ ಕೈಯಿಂದ ತಂಬಿಗೆ ನೀರು ಕೊಟ್ಟ. ಕೊಟ್ಟ ಮೇಲೆ ನೆನಪಾಯಿತು.

"ಅಯ್ಯ ಶಿವನ, ಕೈ ಬಿಟ್ಟೆ!"

ಮೂವರೂ ಸ್ಕ್ರೀನ್ ನೋಡಿದೆವು. ಆರಿಸಿದ್ದೆಲ್ಲ ನೀಲಿಯಾಗಿ ಹಾಗೆಯೇ ಇತ್ತು.

"ಕೈ ಬಿಟ್ರೂ ಎಲ್ಲಿಗೂ ಹೋಗಿಲ್ಲಲ್ರೀ ಯಣ್ಣಾ," ಎಂದಳು ಅಮರಮ್ಮ ಮೂಗೊರೆಸಿಕೊಳ್ಳುತ್ತ. ಸ್ಕ್ರೀನಿನತ್ತ ಬೆರಳು ಮಾಡಿ, "ಅಕ್ಕಂದೂ ಒತ್ರಿ. ಅಕಿ ಇದ್ದವು ಅಷ್ಟೂ ಒತ್ರಿ" ಎಂದಳು.

ಸೂಗಪ್ಪ ಮತ್ತೆ ಕಿರುಬೆರಳನ್ನು ಕೀ ಮೇಲೆ ಅಂಟಿಸಿ ಕೂತ. ಈ ಮನುಷ್ಯ ಸುಧಾರಿಸುವವನಲ್ಲ. ಸುಧಾರಿಸುವುದೂ ಬೇಡ, ನನಗೆ ಇವನು ಹೀಗೇ ಇಷ್ಟ.

ಅಷ್ಟರಲ್ಲಿ ಅಮರಮ್ಮ ಮೊಬೈಲನ್ನು ಕಿವಿಗಿಟ್ಟಿದ್ದಳು. ಆ ಕಡೆ ಎತ್ತಿದ್ದು ಗೊತ್ತಾಯಿತು.

"ಯಕ್ಕಾ," ಎಂದಳು, "ಊಟ ಆತೇನ?"