ಕದ್ದ ಉಸಿರಿನ ಲೆಕ್ಕ

ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಇಪ್ಪತ್ತು ಹೆಜ್ಜೆ ಹೋಗಿದ್ದೆ. ಹಿಂದಿನಿಂದ ಕಂಡಕ್ಟರ್ ಕೂಗಿದ. "ಮೇಡಂ, ನಿಮ್ದೊಂದು ಚಪ್ಲಿ ಬಸ್ನಾಗೇ ಐತ್ರಿ!"

ಕೆಳಗೆ ನೋಡಿದೆ. ಎಡಗಾಲು ಬರಿಗಾಲು. ಕಾಲಡಿಯಲ್ಲಿ ಜಲ್ಲಿಕಲ್ಲಿತ್ತು, ಬಿಸಿಲಿಗೆ ಕಾದ ಡಾಂಬರಿತ್ತು. ನನಗೆ ಏನೂ ಗೊತ್ತಾಗಿರಲಿಲ್ಲ.

ನಕ್ಕುಬಿಟ್ಟೆ. ಚಪ್ಪಲಿ ಮೆಟ್ಟಿಕೊಂಡು ಶಾಲೆಗೆ ಹೋಗಿ ಮೂರು ಪೀರಿಯಡ್ ಪಾಠ ಮಾಡಿದೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಹದಿನಾರು ವರ್ಷದಿಂದ ದಾವಣಗೆರೆಯ ವಿನೋಬನಗರದ ಮನೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೇನೆ. ಪರೀಕ್ಷೆಯಲ್ಲಿ ನಕಲು ಹೊಡೆಯುವವರನ್ನು ಬೆನ್ನು ತಿರುಗಿಸಿ ನಿಂತೇ ಹಿಡಿಯುತ್ತೇನೆ ಎಂದು ಮಕ್ಕಳಲ್ಲಿ ನನಗೊಂದು ಹೆಸರಿದೆ. ಅಂಥವಳಿಗೆ ನನ್ನದೇ ಕಾಲು ಕೈಕೊಟ್ಟದ್ದು ತಿಳಿಯಲಿಲ್ಲ. ಹಿಂದಿನ ವಾರ ಭೇದಿಯಾಗಿ ಮಲಗಿದ್ದೆ. ಅದರದೇ ನಿಶ್ಶಕ್ತಿ ಅಂದುಕೊಂಡೆ.

ಮಾರನೆಯ ದಿನ ಎರಡೂ ಪಾದ ಜುಮುಜುಮು. ಅದರ ಮರುದಿನ ಬಚ್ಚಲಲ್ಲಿ ಕೂತವಳು ಏಳಲಾಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಕಾಲು ಮಿಸುಕಲಿಲ್ಲ. ಇನ್ನೊಂದು ಕಾಲೂ ಅಷ್ಟೇ. ಬೆನ್ನಿನಿಂದ ನೀರು ತೆಗೆದರು, ನರಗಳಿಗೆ ಕರೆಂಟ್ ಕೊಟ್ಟು ನೋಡಿದರು. ಸಂಜೆ ಬಂದು ಹೇಳಿದರು. "ಇದು ಜಿಬಿಎಸ್. ಸೋಂಕಿನ ಜೊತೆ ಜಗಳ ಆಡಬೇಕಾದ ದೇಹದ ಶಕ್ತಿ ನಿಮ್ಮ ನರಗಳ ಮೇಲೇ ತಿರುಗಿ ಬಿದ್ದಿದೆ. ಕಾಲಿಂದ ಮೇಲಕ್ಕೆ ಏರುತ್ತೆ."

"ಎಲ್ಲಿತನಕ ಏರುತ್ತೆ ಸರ್?" ನನ್ನ ಗಂಡ ರುದ್ರೇಶ ಕೇಳಿದರು.

ಡಾಕ್ಟರು ತಮ್ಮ ಎದೆ ಮುಟ್ಟಿ ತೋರಿಸಿದರು. "ಇಲ್ಲಿಗೆ ಬರಬಾರದು."

ಐದು ದಿನದ ಇಂಜೆಕ್ಷನ್ ಶುರುವಾಯಿತು. ಅದರ ಜೊತೆಗೆ ಎರಡು ಗಂಟೆಗೊಮ್ಮೆ ನರ್ಸ್ ಬಂದು ನಿಲ್ಲುತ್ತಿದ್ದರು. "ಮೇಡಂ, ಜೋರಾಗಿ ಉಸಿರು ಎಳ್ಕೊಂಡು ಒಂದೇ ಉಸಿರಲ್ಲಿ ಎಣಿಸ್ರಿ." ಎದೆಯ ಸ್ನಾಯುಗಳಿಗೆ ಎಷ್ಟು ಬಲ ಉಳಿದಿದೆ ಎಂದು ನೋಡುವ ಪರೀಕ್ಷೆ ಅದು. ಗಣಿತದ ಟೀಚರಿಗೆ ಎಣಿಸುವ ಪರೀಕ್ಷೆ! ಮೊದಲ ಸಲ ಮೂವತ್ತೊಂದು ಎಣಿಸಿದೆ. ಸಂಜೆಗೆ ಇಪ್ಪತ್ತಾರು.

ಮಗಳು ಸಿಂಚನಾಗೆ ಇದು ಭಾರಿ ಹಿಡಿಸಿತು. ಎಂಟನೇ ಕ್ಲಾಸಿನ ಅವಳು ತನ್ನ ಶಾಲೆಯ ಕಬಡ್ಡಿ ತಂಡದಲ್ಲಿ ರೇಡರ್. ಎದುರಾಳಿಗಳ ಅಂಕಣಕ್ಕೆ ನುಗ್ಗಿ, ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಅನ್ನುತ್ತ, ಯಾರನ್ನಾದರೂ ಮುಟ್ಟಿ ವಾಪಸ್ ಓಡಿ ಬರುವವಳು. ನಡುವೆ ಕಳ್ಳತನದಲ್ಲಿ ಉಸಿರೆಳೆದರೆ ಔಟು. ಅದಕ್ಕೆ ಅವರು ದಮ್ ಕದಿಯೋದು ಅನ್ನುತ್ತಾರೆ. ಮನೆಯಲ್ಲಿ ಬಕೆಟ್ ತುಂಬುವ ತನಕ ನಲ್ಲಿಯ ಪಕ್ಕ ನಿಂತು ಅದನ್ನೇ ಜಪಿಸುತ್ತಿದ್ದಳು. "ತಲೆ ತಿನ್ಬ್ಯಾಡ, ಹೋಗಿ ಲೆಕ್ಕ ಮಾಡು" ಎಂದು ಬಯ್ಯುವುದು ನನ್ನ ನಿತ್ಯದ ಕೆಲಸ.

"ಅಮ್ಮ, ಇದು ನಮ್ಮ ಆಟಾನೇ ಐತಲ್ಲ!" ಎಂದಳು ಆಸ್ಪತ್ರೆಯ ಮಂಚದ ಪಕ್ಕ ಕೂತು.

ಎರಡನೇ ದಿನ ಇಪ್ಪತ್ತೆರಡು. ಕೈ ಎತ್ತಿ ಹಣೆಯ ಕೂದಲು ಸರಿಸಿಕೊಳ್ಳಲು ಆಗುತ್ತಿರಲಿಲ್ಲ. ಡಾಕ್ಟರು ಪರದೆಯ ಆಚೆ ನರ್ಸ್‌ಗೆ ಹೇಳಿದ್ದು ಕಿವಿಗೆ ಬಿತ್ತು. ಹದಿನೈದಕ್ಕಿಂತ ಕೆಳಗೆ ಬಂದರೆ ಐಸಿಯುಗೆ ಕಳಿಸಿ, ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಹಾಕಬೇಕಾಗುತ್ತೆ.

ನಮ್ಮ ಮನೆಯಲ್ಲಿ ಆ ಪದ ಯಾರೂ ಆಡುವುದಿಲ್ಲ. ಕೊರೊನಾ ಕಾಲದಲ್ಲಿ ಮಾವ ವೆಂಟಿಲೇಟರ್‌ಗೆ ಹೋದವರು ಮತ್ತೆ ಬರಲಿಲ್ಲ. ಅತ್ತೆ ಊರಿಂದ ನಮ್ಮಲ್ಲಿಗೆ ಬಂದಾಗ ಟಿವಿಯಲ್ಲಿ ಆ ಮಾತು ಕೇಳಿದರೂ ಎದ್ದು ಹೋಗಿ ಚಾನೆಲ್ ಬದಲಿಸುತ್ತಾರೆ. ಆ ಪೈಪಿನ ಆಚೆ ಇರುವುದು ಸಾವು ಒಂದೇ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ನಾನು ನಕಲು ಹೊಡೆದೆ.

ಬಹಳ ಸುಲಭ. ಎಂಟಕ್ಕೆ ಬಂದಾಗ ಎಂಜಲು ನುಂಗಿದಂತೆ ಮಾಡಿ ಒಂದು ಗುಟುಕು ಗಾಳಿ ಎಳೆದುಕೊಳ್ಳುವುದು. ಹದಿಮೂರಕ್ಕೆ ಇನ್ನೊಂದು. ಗಬಗಬ ಎಣಿಸಿ ಮುಗಿಸುವುದು. ನರ್ಸ್ 'ಇಪ್ಪತ್ತು' ಎಂದು ಬರೆದುಕೊಂಡರು. ಡಾಕ್ಟರು ನೋಡಿ "ಸ್ಟೇಬಲ್ ಇದೀರಿ" ಎಂದು ಹೋದರು. ಬೆರಳಿಗೆ ಸಿಕ್ಕಿಸಿದ ಆಕ್ಸಿಜನ್ ಮೀಟರೂ ತೊಂಬತ್ತೆಂಟು ತೋರಿಸಿ ನನ್ನ ಪರವಾಗಿ ಸುಳ್ಳು ಸಾಕ್ಷಿ ಹೇಳುತ್ತಿತ್ತು. ಮೂರನೆಯ ದಿನದ ಹೊತ್ತಿಗೆ ಕದಿಯುವುದು ಎರಡರಿಂದ ನಾಲ್ಕಕ್ಕೆ ಏರಿತ್ತು. ಮಾತಾಡಿದರೆ ಗೊತ್ತಾಗುತ್ತದೆಂದು ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ.

ಅವತ್ತು ಸಂಜೆ ಸಿಂಚನಾ ಪ್ರಾಕ್ಟೀಸ್ ಮುಗಿಸಿ ಮೊಣಕಾಲಿಗೆ ಮಣ್ಣು ಮೆತ್ತಿಕೊಂಡೇ ಬಂದಿದ್ದಳು. ಮಂಚದ ಕಾಲ ಬಳಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಎಣಿಸಿದೆ. ಹತ್ತೊಂಬತ್ತು. ನರ್ಸ್ ಪೆನ್ ತೆಗೆದರು.

"ಸಿಸ್ಟರ್, ಹತ್ತೊಂಬತ್ತಲ್ರಿ," ಎಂದಳು ಸಿಂಚನಾ. "ಅಮ್ಮ ದಮ್ ಕದ್ದಾಳೆ. ನಾಕು ಸಲ."

"ಸುಮ್ನಿರೇ" ಅಂದೆ. ಆ ಒಂದು ಮಾತಿಗೇ ಎರಡು ಉಸಿರು ಬೇಕಾಯಿತು.

ನರ್ಸ್ ಡ್ಯೂಟಿ ಡಾಕ್ಟರನ್ನು ಕರೆದರು. ಅವರು ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಮುಖವನ್ನೇ ನೋಡುತ್ತ, "ಇನ್ನೊಮ್ಮೆ" ಎಂದರು. ಕದಿಯಲು ಜಾಗವೇ ಇರಲಿಲ್ಲ.

ಒಂಬತ್ತು.

ಆಮೇಲೆ ಎಲ್ಲರೂ ಓಡಿದರು. ಸ್ಟ್ರೆಚರ್ ತಿರುಗಿಸುವಾಗ ಸಿಂಚನಾ ಬಾಗಿಲ ಪಕ್ಕ ಗೋಡೆಗೆ ಅಂಟಿ ನಿಂತಿದ್ದಳು. ನನ್ನಲ್ಲಿ ಉಳಿದಿದ್ದ ಅಷ್ಟೂ ಉಸಿರನ್ನು ಒಟ್ಟು ಮಾಡಿ ನಾನು ಅವಳಿಗೆ ಹೇಳಿದ್ದು ಇದು.

"ಯಾಕ್ ಹೇಳ್ದೆ?"

ಅದಾದ ಮೇಲೆ ಹನ್ನೊಂದು ದಿನ ನನಗೆ ಮಾತಿರಲಿಲ್ಲ.

ಗಂಟಲಲ್ಲಿ ಪೈಪು. ಕಣ್ಣುರೆಪ್ಪೆ ಬಿಟ್ಟರೆ ಏನೂ ಆಡುವುದಿಲ್ಲ. ಮೂಗಿನ ತುದಿ ನವೆಯಾದರೆ ನವೆ ತಾನಾಗಿ ಸಾಯುವ ತನಕ ಕಾಯಬೇಕು. ಎಲ್ಲ ಕೇಳಿಸುತ್ತದೆ, ಎಲ್ಲ ಅರ್ಥವಾಗುತ್ತದೆ, ಮೈ ಮಾತ್ರ ಬೇರೆ ಯಾರದ್ದೋ. ಮಿಷನ್ನು ನನ್ನ ಎದೆಯನ್ನು ಎತ್ತಿ ಇಳಿಸುತ್ತಿತ್ತು. ಮೊದಲೆರಡು ದಿನ ನಾನು ಮಗಳ ಮೇಲೆ ಸಿಟ್ಟಾಗಿಯೇ ಮಲಗಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ. ಮೂರನೆಯ ದಿನ ಇನ್ನೂ ಬದುಕಿದ್ದೇನೆ ಎಂಬುದು ತಲೆಗೆ ಹೋಯಿತು. ಯಾಕೆ ಬದುಕಿದ್ದೇನೆ ಎಂಬುದೂ ಹೋಯಿತು.

ಆಗ ಶುರುವಾದ ನರಕ ಪೈಪಿನದ್ದಲ್ಲ. ಮಕ್ಕಳನ್ನು ಐಸಿಯು ಒಳಗೆ ಬಿಡುವುದಿಲ್ಲ. ಅವಳು ಹೊರಗೆಲ್ಲೋ ನನ್ನ ಆ ಎರಡು ಮಾತು ಹೊತ್ತುಕೊಂಡು ತಿರುಗುತ್ತಿದ್ದಾಳೆ. ನಾನು ಸತ್ತರೆ ಅವಳಿಗೆ ನನ್ನಿಂದ ಉಳಿಯುವುದು ಅವೆರಡೇ. ರುದ್ರೇಶ ಒಳಗೆ ಬಂದಾಗಲೆಲ್ಲ ಕಣ್ಣಲ್ಲೇ ಒದ್ದಾಡುತ್ತಿದ್ದೆ. ಅವರು ಹಣೆ ಸವರಿ, "ಸಿಂಚು ಆರಾಮ್ ಅದಾಳೆ, ಊಟ ಮಾಡ್ತಾಳೆ, ನೀ ಚಿಂತಿ ಮಾಡ್ಬ್ಯಾಡ" ಎಂದು ಹೇಳಿ ಹೋಗುತ್ತಿದ್ದರು. ಪಂಪ್‌ಸೆಟ್ ರಿಪೇರಿ ಮಾಡುವ ಮನುಷ್ಯ, ಸುಳ್ಳು ಹೇಳಿ ಅಭ್ಯಾಸವಿಲ್ಲ. ನನ್ನ ಕಣ್ಣು ತಪ್ಪಿಸಿ ಮಿಷನ್ ನೋಡುತ್ತ ಹೇಳುತ್ತಿದ್ದರು.

ಹನ್ನೆರಡನೇ ದಿನ ಪೈಪ್ ತೆಗೆದರು. ಇನ್ನೂ ಮೂರು ವಾರಕ್ಕೆ ಮನೆಗೆ ಬಂದೆ, ಇಬ್ಬರ ಕೈಮೇಲೆ. ಹಾಲ್‌ನಲ್ಲಿ ಮಂಚ ಹಾಕಿದ್ದರು. ಅತ್ತೆ ಲೋಕಿಕೆರೆಯ ಊರಮನೆಗೆ ಬೀಗ ಹಾಕಿ ಬಂದು ನಮ್ಮಲ್ಲೇ ನಿಂತಿದ್ದರು. ಬಾಯಿಗೆ ತುತ್ತು ಕೊಡುವುದು ಅವರು, ಬೆಡ್‌ಪ್ಯಾನ್ ಇಡುವುದು ಗಂಡ, ಜಡೆ ಹೆಣೆಯುವುದು ಮಗಳು. ಹೇಳಿದ ಕೆಲಸವನ್ನೆಲ್ಲ ಅವಳು ಮಾಡುತ್ತಿದ್ದಳು. ಕೇಳಿದ್ದಕ್ಕೆ ಹೂಂ, ಉಹೂಂ. ಅಷ್ಟೇ. ನಲ್ಲಿಯ ಪಕ್ಕ ಬಕೆಟ್ ಮೌನವಾಗಿ ತುಂಬುತ್ತಿತ್ತು. ತಲೆ ತಿನ್ನಬೇಡ ಎಂದು ಬಯ್ಯಲು ನನಗೀಗ ಏನೂ ಉಳಿದಿರಲಿಲ್ಲ.

ಒಂದು ದಿನ ಅವಳ ಪಿಟಿ ಸರ್ ಫೋನ್ ಮಾಡಿದರು. "ಮೇಡಂ, ನಿಮ್ಗೆ ಹುಷಾರಿಲ್ಲ ಅಂತ ಇಷ್ಟ್ ದಿನ ಹೇಳ್ಲಿಲ್ಲ. ಸಿಂಚನಾ ಗೆರೆ ದಾಟಿದ ಕೂಡ್ಲೇ ಬಾಯಿ ಕಟ್ಟಿಬಿಡುತ್ತೆ ರಿ. ಮೂರು ಮ್ಯಾಚ್‌ನಾಗ ಕಬಡ್ಡಿ ಅಂತಿಲ್ಲ ಅಂತ ಔಟ್ ಕೊಟ್ರು. ಈಗ ಗ್ರೌಂಡಿಗೆ ಬರೋದೇ ಬಿಟ್ಟಾಳೆ."

ಗಂಡ ಸ್ಪೀಕರಿಗೆ ಹಾಕಿ ನನ್ನ ಕಿವಿ ಹತ್ತಿರ ಹಿಡಿದಿದ್ದರು.

ಕಾರಣ ನನಗೆ ಗೊತ್ತಿತ್ತು. ಮದ್ದೂ ಗೊತ್ತಿತ್ತು. ಆದರೆ ಹದಿನಾರು ವರ್ಷ ಬೋರ್ಡಿನ ಮುಂದೆ ನಿಂತವಳಿಗೆ 'ನನ್ನದು ತಪ್ಪಾಯಿತು' ಅನ್ನುವುದು ಕಾಲೆತ್ತುವುದಕ್ಕಿಂತ ಕಷ್ಟವಾಗಿತ್ತು. ಸುತ್ತುದಾರಿ ಹಿಡಿದೆ. ಫಿಸಿಯೋಥೆರಪಿಯವರು ದಿನಾ ಒಂದೇ ಉಸಿರಿನಲ್ಲಿ ಎಣಿಸಿ ಬರೆದಿಡಲು ಹೇಳಿದ್ದರು. ಸಿಂಚನಾ ಕೈಗೆ ನೋಟ್‌ಬುಕ್ ಕೊಡಿಸಿದೆ. "ನೀನೇ ಅಂಪೈರ್. ಕದ್ರೆ ಹಿಡಿ" ಎಂದೆ.

ಎಣಿಸಿದೆ. ಅವಳು ಹಿಡಿಯಲಿ ಎಂದು ಬೇಕೆಂದೇ, ಸದ್ದು ಮಾಡಿ, ಕಿವುಡರಿಗೂ ಕೇಳುವ ಹಾಗೆ ಆರರಲ್ಲಿ ಕದ್ದೆ. ಅವಳ ರೆಪ್ಪೆ ಒಮ್ಮೆ ಹಾರಿತು. ನೋಡಿದ್ದಳು. ತಲೆ ತಗ್ಗಿಸಿ ಬರೆದಳು. ಹದಿನಾಲ್ಕು.

ಒಂದೇ ನೋಟದಲ್ಲಿ ನನ್ನ ನಾಲ್ಕು ಕಳ್ಳತನ ಹಿಡಿದ ಹುಡುಗಿ, ಈಗ ನನ್ನ ಸುಳ್ಳಿಗೆ ಸಹಿ ಹಾಕುತ್ತಿದ್ದಳು. ಇಡೀ ಕಾಯಿಲೆಯಲ್ಲಿ ನನಗೆ ಅದಕ್ಕಿಂತ ಕೆಟ್ಟ ದಿನ ಇನ್ನೊಂದಿಲ್ಲ. ಅವಳು ಒಳಗೆ ಹೋದ ಮೇಲೆ ನಾನು ಅತ್ತುಬಿಟ್ಟೆ. ಕಣ್ಣೀರು ಕಿವಿಯೊಳಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಮೇಲೇಳಲಿಲ್ಲ. ಇಂಥ ತಾಯಿ ವಾಪಸ್ ಬರದೇ ಇದ್ದಿದ್ದರೂ ನಡೆಯುತ್ತಿತ್ತು ಎಂದು ನಿಜವಾಗಿ ಅನ್ನಿಸಿತು.

ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿದರು. "ಅಷ್ಟು ಅಳ್ಬ್ಯಾಡ, ಇರೋ ಉಸ್ರೂ ಖರ್ಚಾಗುತ್ತೆ. ಮಗೀಗೆ ತಪ್ಪಾತು ಅಂದ್ರೆ ನಿನ್ ಗಂಟೇನ್ ಹೋಗುತ್ತೆ ಟೀಚರಮ್ಮ?"

ಮುಂದಿನ ವಾರ ಚೆಕಪ್‌ಗೆ ಹೋದಾಗ ಸಿಂಚನಾಳನ್ನೂ ಕರೆದುಕೊಂಡು ಹೋದೆ. ಅವಳು ವೀಲ್‌ಚೇರ್ ಹಿಡಿದು ಹಿಂದೆ ನಿಂತಿದ್ದಳು. ನಾನು ಡಾಕ್ಟರನ್ನು ಕೇಳಿದೆ. "ಸರ್, ಅವತ್ತು ಇವಳು ಹೇಳದಿದ್ರೆ ಏನಾಗ್ತಿತ್ತು?"

ಡಾಕ್ಟರು ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಈ ಕಾಯಿಲೇಲಿ ಆಕ್ಸಿಜನ್ ಕೊನೇ ಗಳಿಗೆವರೆಗೂ ಸರಿಯಾಗೇ ತೋರಿಸುತ್ತೆ ಮೇಡಂ. ಅದಕ್ಕೇ ಎಣಿಸಿ ನೋಡೋದು. ಅವತ್ತೊಂದು ಗಂಟೆ ತಡ ಆಗಿದ್ರೆ ನೀವು ಹೀಗೆ ಕೂತು ಕೇಳ್ತಿರಲಿಲ್ಲ."

ವಾಪಸ್ ಬರುವಾಗ ಆಟೋದಲ್ಲಿ ನಾನು ಗಂಡ ಮತ್ತು ಮಗಳ ನಡುವೆ ಮೂಟೆಯಂತೆ ಕೂತಿದ್ದೆ. ಎಡಬಿಡದೆ ಹಾರ್ನ್ ಹೊಡೆಯುವ ಆ ರಸ್ತೆಯಲ್ಲಿ ನನ್ನ ಒಡೆದ ದನಿ ಅವಳಿಗೆ ಕೇಳಿಸಬೇಕಿತ್ತು.

"ತಪ್ಪಾತು ಸಿಂಚು. ಯಾಕ್ ಹೇಳ್ದೆ ಅನ್ನಬಾರ್ದಿತ್ತು. ಹೆದರಿದ್ದೆ."

ಅವಳು ಹೊರಗೇ ನೋಡುತ್ತಿದ್ದಳು. ಹಾಗೇ ನೋಡುತ್ತ ಹೇಳಿದಳು. "ತಾತನ್ ಹಂಗೇ ನೀನೂ ಹೋಗ್ತೀಯ ಅನ್ಕೊಂಡಿದ್ದೆ. ನಾನೇ ಪೈಪ್ ಹಾಕ್ಸಿದ್ದು ಅಂತ. ದಿನಾ ಅದೇ ಅನ್ಕೊಂತಿದ್ದೆ." ಆಮೇಲೆ ಸಿಟ್ಟಿನಿಂದ, ನನ್ನ ಮಗಳೇ ಅನ್ನುವಂಥ ಸಿಟ್ಟಿನಿಂದ, "ನಿಮ್ ಕ್ಲಾಸಿನೋರು ಕದ್ರೆ ಮಾತ್ರ ಬೆಂಚ್ ಮೇಲೆ ನಿಲ್ಲಿಸ್ತೀಯಲ್ಲ!" ಎಂದಳು.

ರುದ್ರೇಶ ಆಚೆ ಮುಖ ಮಾಡಿ ಮೂಗೊರೆಸಿಕೊಂಡರು. ಸಿಂಚನಾ ನನ್ನ ಸತ್ತ ಕೈಯನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ಅಷ್ಟಕ್ಕೆ ಎಲ್ಲ ಸರಿಹೋಯಿತು ಎಂದು ಬರೆದರೆ ಮತ್ತೆ ನಕಲು ಹೊಡೆದಂತೆ. ಅವಳು ಗ್ರೌಂಡಿಗೆ ಹೋಗಲು ಇನ್ನೂ ಹದಿನೈದು ದಿನ ತೆಗೆದುಕೊಂಡಳು. ನಾನು ವಾಕರ್ ಹಿಡಿದು ನಿಲ್ಲಲು ಎರಡು ತಿಂಗಳು. ಪಾದಗಳಿಗೆ ಇವತ್ತಿಗೂ ನೆಲ ಪೂರ್ತಿ ಗೊತ್ತಾಗುವುದಿಲ್ಲ. ಚಪ್ಪಲಿಗೆ ಹಿಂದೆ ಪಟ್ಟಿ ಹೊಲಿಸಿದ್ದಾರೆ. ಶಾಲೆಗೆ ಯಾವಾಗ ಹೋಗುತ್ತೇನೋ, ಹೋಗುತ್ತೇನೋ ಇಲ್ಲವೋ, ಯಾರೂ ಹೇಳುತ್ತಿಲ್ಲ.

ಹೋದ ವಾರ ಹರಿಹರದಲ್ಲಿ ಅವಳ ಮ್ಯಾಚ್ ಇತ್ತು. ಹಟ ಮಾಡಿ ಹೋದೆ. ಕಾರಿನಿಂದ ಮೈದಾನದ ಅಂಚಿನ ಪ್ಲಾಸ್ಟಿಕ್ ಕುರ್ಚಿಗೆ ಹೋಗಿ ಕೂರಲು ಹತ್ತು ನಿಮಿಷ ಬೇಕಾಯಿತು. ಮೊದಲ ರೇಡಿಗೆ ಸಿಂಚನಾ ಗೆರೆ ದಾಟಿದಳು. ತುಟಿ ಆಡುತ್ತಿತ್ತು, ದನಿ ಇಲ್ಲ. ಅಂಪೈರ್ ಕೈಯೆತ್ತಿ ಎಚ್ಚರಿಸಿದರು. ಬರಿಗೈಲಿ ವಾಪಸ್ ಬಂದಳು. ನನ್ನ ಕಡೆ ನೋಡಲಿಲ್ಲ.

ಎರಡನೆಯ ರೇಡಿಗೆ ಮತ್ತೆ ಅವಳೇ ಎದ್ದಳು. ಕೇಳಿಸಿತು. ಮೊದಲು ಗೊಣಗಿದ ಹಾಗೆ, ಆಮೇಲೆ ಬಿಡಿಬಿಡಿಯಾಗಿ, ಆಮೇಲೆ ನಲ್ಲಿಯ ಪಕ್ಕ ನಿಂತು ನನ್ನ ತಲೆ ತಿನ್ನುತ್ತಿದ್ದ ಅದೇ ದನಿ. ಇಬ್ಬರನ್ನು ಮುಟ್ಟಿ ತಿರುಗಿದಳು. ಗೆರೆಗೆ ಒಂದು ಗೇಣು ಉಳಿದಿರುವಾಗ ಒಬ್ಬಳು ಪಾದ ಹಿಡಿದಳು, ಮೂವರು ಮೇಲೆ ಬಿದ್ದರು. ಆ ರಾಶಿಯ ಅಡಿಯಿಂದಲೂ ಕಬಡ್ಡಿ ಕಬಡ್ಡಿ ಬರುತ್ತಲೇ ಇತ್ತು, ವಿಶಿಲ್ ಊದುವ ತನಕ.

ಔಟಾದಳು. ಮ್ಯಾಚೂ ಸೋತರು.

ಮಣ್ಣು ಕೊಡವಿಕೊಂಡು ಬಂದು ನನ್ನ ಕುರ್ಚಿಯ ಪಕ್ಕ ಕುಕ್ಕರಿಸಿದಳು. ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು. "ಇವತ್ತಿಂದು ಎಣಿಸಿಲ್ಲ ನೀನು."

ಎಣಿಸಿದೆ. ಇಪ್ಪತ್ತೆರಡು ಬಂತು. ಹೆಮ್ಮೆಯಿಂದ ಅವಳ ಮುಖ ನೋಡಿದೆ.

"ಹದಿನೇಳರಾಗ ಕದ್ದಿ," ಎಂದು ಹೇಳಿ ಹದಿನೇಳು ಎಂದು ಬರೆದಳು.

ಅವತ್ತಿನ ಚಪ್ಪಲಿಯ ಹಾಗೆ, ಕದ್ದದ್ದು ನನಗೇ ಗೊತ್ತಾಗಿರಲಿಲ್ಲ. ಅವಳಿಗೆ ಗೊತ್ತಾಗಿತ್ತು. ಮತ್ತು ಹೇಳಿದಳು.