ಜಪದ ನಡುವೆ ಬಂದ ನಗು

ಪ್ರಾರ್ಥನೆಯ ಮೊದಲರ್ಧ ಮುಗಿದ ಕೂಡಲೇ ಅತ್ತೆ ಉಸಿರೆಳೆದುಕೊಳ್ಳುತ್ತಿದ್ದ ಸದ್ದು... ಬಿಸಿ ಕಾಫಿ ಹೀರಿದ ಹಾಗೆ. ಮೊನ್ನೆ ಪಕ್ಕದ ಮನೆಯವರು ಮೊಬೈಲಿನಲ್ಲಿ ಜಪಸರದ ಪ್ರಾರ್ಥನೆ ಹಾಕಿದ್ದರು. ಅದರಲ್ಲಿ ಯಾರೋ ವಯಸ್ಸಾದ ಹೆಂಗಸು ಥೇಟ್ ಹಾಗೆಯೇ ಉಸಿರೆಳೆದಳು. ಸೊಪ್ಪು ಬಿಡಿಸುತ್ತಿದ್ದ ನನ್ನ ಕೈ ನಿಂತುಹೋಯಿತು.

ದೇವನಹಳ್ಳಿಯ ನಮ್ಮ ಮನೆಯಲ್ಲಿ ಸಂಜೆಯ ಜಪ ತಪ್ಪುವಂತಿರಲಿಲ್ಲ. ಮೊದಲರ್ಧ ಅತ್ತೆಯದು, ಉಳಿದರ್ಧ ನನ್ನದು ಮತ್ತು ನನ್ನ ಯಜಮಾನರದು. ಯಜಮಾನರು ಜ್ವರದಲ್ಲಿ ತೀರಿಕೊಂಡ ಮೇಲೆ ಉತ್ತರ ಹೇಳಲು ನಾನೊಬ್ಬಳೇ ಉಳಿದೆ. ಗೋಡೆಯ ಮೇಲಿದ್ದ ಅವರ ಫೋಟೋ ಕಡೆ ಇಬ್ಬರೂ ನೋಡದೆ ಜಪ ಮುಗಿಸುತ್ತಿದ್ದೆವು.

ನನ್ನ ದೇವರು ಕಾನ್ವೆಂಟಿನಲ್ಲಿ ಕಲಿತ ದೇವರು. ಮಂಡಿಯೂರು, ಕಣ್ಣು ಮುಚ್ಚು, ಅಲ್ಲಾಡಬೇಡ, ನೋ ಫಿಜೆಟಿಂಗ್. ಹೆಡ್‌ಮಿಸ್ಟ್ರೆಸ್ ರೂಮಿನ ಮುಂದೆ ನಿಂತ ಹಾಗೆಯೇ. ಆದರೆ ಒಂದು ಸಂಜೆ, ಏನನ್ನೂ ಕೇಳಿಕೊಳ್ಳುವ ಶಕ್ತಿಯಿಲ್ಲದೆ ಬರೀ ಬಾಯಿಪಾಠ ಒಪ್ಪಿಸುತ್ತಿದ್ದಾಗ, ಯಾರೋ ನನ್ನನ್ನು ಕಂಡು ಖುಷಿಪಟ್ಟ ಹಾಗಾಯಿತು. ಬೋರ್ಡಿಂಗಿನಿಂದ ರಜೆಗೆ ಬಂದಾಗ ಅಪ್ಪ ಪೇಪರ್ ಬಿಟ್ಟು ಎದ್ದು ಬರುತ್ತಿದ್ದರಲ್ಲ, ಹಾಗೆ. ಯೇಸುಸ್ವಾಮಿ ಸುಮ್ಮನೆ ನನ್ನ ಜೊತೆ ಕೂತಿದ್ದಾರೆ ಅನ್ನಿಸಿತು. ಜಾಯ್ ಅನ್ನುವ ಪದವನ್ನು ಸ್ಕೂಲಿನ ಕ್ವಾಯರ್ ಗುಂಪಿನಲ್ಲಿ ಎಷ್ಟು ಸಲ ಹಾಡಿದ್ದೆನೋ. ಅವತ್ತು ಅದು ನನ್ನದಾಯಿತು. ನಕ್ಕುಬಿಟ್ಟೆ.

ಅತ್ತೆ ಕಣ್ಣು ತೆರೆದಿದ್ದರು.

“ಇಂಗ್ಲಿಷ್ ಓದಿರೋರಿಗೆ ದೇವ್ರು ಜೋಕ್ ಹೇಳ್ತಾನೇನಮ್ಮಾ?” ಅಂದರು. ಆಮೇಲೆ ದನಿ ತಗ್ಗಿಸಿ, “ನನ್ ಮಗ ಮಣ್ಣಲ್ಲವ್ನೆ. ನಿಂಗೆ ನಗು ಬತ್ತದೆ.”

ಮರುದಿನದಿಂದ ಎರಡೂ ಅರ್ಧವನ್ನು ಅವರೇ ಹೇಳಿಕೊಳ್ಳತೊಡಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಪಾಲಿನದೂ ಮುಗಿದಿರುತ್ತಿತ್ತು. ಊಟ ಬಡಿಸುತ್ತಿದ್ದರು, ತಲೆಗೆ ಎಣ್ಣೆ ಹಚ್ಚುತ್ತಿದ್ದರು. ಜಪದಲ್ಲಿ ಮಾತ್ರ ನನ್ನನ್ನು ಸೇರಿಸಿಕೊಳ್ಳಲಿಲ್ಲ.

ಪಾಪನಿವೇದನೆಗೆ ಹೋದೆ. “ಇದು ಪಾಪ ಅಲ್ಲಮ್ಮ, ಗ್ರೇಸ್, ದೇವರ ಕೃಪೆ,” ಎಂದರು ಫಾದರ್. ಇರಬಹುದು... ಆದರೆ ಮಗನನ್ನು ಕಳೆದುಕೊಂಡ ತಾಯಿಗೆ ಅದನ್ನು ಹೇಗೆ ಹೇಳುವುದು? ಆ ಸಂತೋಷ ಮತ್ತೆ ಮತ್ತೆ ಬಂತು, ಒಲೆಯ ಮುಂದೆ, ಬಟ್ಟೆ ಹಿಂಡುವಾಗ. ಬಂದಾಗಲೆಲ್ಲ ಕದ್ದು ತಿಂದವಳ ಹಾಗೆ ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಈ ವಯಸ್ಸಿನಲ್ಲಿ, ಮನೆಯಲ್ಲಿ ಒಬ್ಬಳೇ ಇರುವಾಗಲೂ ಒತ್ತಿಕೊಳ್ಳುತ್ತೇನೆ. ನೋಡುವುದಕ್ಕೆ ಅತ್ತೆ ಇಲ್ಲ. ಅವರು ತೀರಿಕೊಂಡು ಎಷ್ಟೋ ಕಾಲವಾಯಿತು.

ಅವರನ್ನು ಕೊನೆಯ ಸಲ ನೋಡಿದ್ದು ಬಸ್‌ಸ್ಟ್ಯಾಂಡಿನಲ್ಲಿ. ದಾಬಸ್‌ಪೇಟೆಯ ಮಗಳ ಮನೆಗೆ ಹೊರಟಿದ್ದರು. ದೊಡ್ಡಬಳ್ಳಾಪುರದ ಮೇಲೆ ಹೋಗುವ ಬಸ್ಸು ಹತ್ತಿಸಿ, ಕೆಳಗಿಳಿದು ಕಿಟಕಿಯಿಂದ ಚೀಲ ಕೊಟ್ಟೆ. ಅವರು ನನ್ನ ಕೈ ಹಿಡಿದುಕೊಂಡರು.

“ಅವತ್ತು ಜಪದಲ್ಲಿ ನಕ್ಕಿದ್ಯಲ್ಲ, ಯಾಕಮ್ಮಾ?”

“ಇಲ್ಲ ಅತ್ತೆ. ನಾನು ನಗಲಿಲ್ಲ,” ಅಂದೆ.

“ನಗ್ಲಿಲ್ವಾ...” ಕೈ ಸಡಿಲವಾಯಿತು. “ಏನೋ ಕಂಡ್ಯೇನೋ ಅಂದ್ಕೊಂಡಿದ್ದೆ. ಅಲ್ಲಿ ನನ್ ಮಗ ಚೆನ್ನಾಗವ್ನಾ ಅಂತ ಕೇಳೋಣ ಅಂತಿದ್ದೆ.”

ಕಂಡಕ್ಟರ್ ರೈಟ್ ಅಂದ. ಬಸ್ಸಿನ ಪಕ್ಕದಲ್ಲೇ ನಾನು ಸ್ವಲ್ಪ ದೂರ ನಡೆದೆ. ಅತ್ತೆ ಮುಂದಿನ ಸೀಟಿನ ಕಂಬಿಗೆ ಹಣೆ ಕೊಟ್ಟು ಕೂತಿದ್ದರು.