ಅಣ್ಣನ ಗಡ್ಡ

ಆ ಕ್ಷೌರಿಕನನ್ನು ಬೀದಿಯವರೆಲ್ಲ ಚೂಪಣ್ಣ ಎಂದೇ ಕರೆಯುತ್ತಿದ್ದರು. ಚೂಪಾಗಿದ್ದದ್ದು ಅವನ ಕತ್ತಿಯಲ್ಲ, ನಾಲಿಗೆ. ಎದುರಿಗೆ ಕೂತವರ ಮಾನವನ್ನು ನೊರೆಯನ್ನೂ ಹಚ್ಚದೆ ಬೋಳಿಸಿ ಕಳಿಸುತ್ತಿದ್ದ. ಹೀಗಿದ್ದೂ ಅವನ ಅಂಗಡಿಗೆ ಜನ ಬರುತ್ತಿದ್ದರು ಎಂದರೆ ಅವನ ಕೈ ಎಂಥದ್ದು ಎಂದು ನೀವೇ ಲೆಕ್ಕ ಹಾಕಿಕೊಳ್ಳಿ.

ಈ ಮನುಷ್ಯ ದೇವರ ಭಕ್ತ ಬೇರೆ. ರೋಗಿಯ ಆರೈಕೆ ಮಾಡಿದವನು ಕರ್ತನ ಆರೈಕೆಯನ್ನೇ ಮಾಡಿದಂತೆ ಎಂದು ಪಾಸ್ಟರು ಒಂದು ಭಾನುವಾರ ಬೋಧಿಸಿದ್ದು ಅವನಿಗೆ ನಾಟಿಬಿಟ್ಟಿತು. ಅಂದಿನಿಂದ ಅಂಗಡಿಯ ವಾರದ ರಜೆಯನ್ನು ಹಾಸಿಗೆ ಹಿಡಿದವರಿಗೆ ಮೀಸಲಿಟ್ಟ. ಮನೆಮನೆಗೆ ಹೋಗಿ ಪುಕ್ಕಟೆ ಕ್ಷೌರ ಮಾಡುತ್ತಿದ್ದ. ಬಿಸಿನೀರಿನ ಟವೆಲನ್ನು ಕೆನ್ನೆಗೆ ಒತ್ತಿ ಕೂದಲು ಮೆತ್ತಗಾಗುವವರೆಗೂ ಕಾಯುವನು. ಹಲ್ಲಿಲ್ಲದ ಮುದುಕನಾದರೆ ಬಾಯೊಳಗೆ ಬೆರಳಿಟ್ಟು, ಒಳಗೆ ಹೋದ ಕೆನ್ನೆಯನ್ನು ಹೊರಗೆ ಉಬ್ಬಿಸಿ, ಒಂದು ಗೀರೂ ಬೀಳದಂತೆ ಕತ್ತಿ ಎಳೆಯುವನು. ಕೆಲಸ ಒಳ್ಳೆಯದೇ, ಅದನ್ನು ನಾನೂ ಅಲ್ಲಗಳೆಯುವುದಿಲ್ಲ. ಆದರೆ ಆ ಕೆಲಸ ಮುಗಿಸಿ ಬೀದಿಯಲ್ಲಿ ನಡೆದು ಬರುವಾಗ ಅವನ ಗದ್ದ ಮಾತ್ರ ಆಕಾಶ ನೋಡುತ್ತಿತ್ತು.

ಚರ್ಚಿನಲ್ಲಿ ಒಂದು ಸೇವಾ ಬಳಗವಿತ್ತು. ಅದರ ಮುಖಂಡರು ನಿವೃತ್ತ ಹೆಡ್‌ಮಾಸ್ತರು. ಬಳಗದವರು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ರೋಗಿಯ ಮಂಚದ ಸುತ್ತ ಅರ್ಧಚಂದ್ರಾಕಾರದಲ್ಲಿ ನಿಲ್ಲುತ್ತಿದ್ದರು. ಹಾಡು ಹಾಡಿ, ಮಾಸ್ತರು ಭೂಗೋಳದ ಪಾಠದಷ್ಟು ಉದ್ದದ ಪ್ರಾರ್ಥನೆ ಮಾಡಿ, ಹಣ್ಣಿನ ಚೀಲ ಇಟ್ಟು ಹೊರಡುತ್ತಿದ್ದರು. ಒಮ್ಮೆ ಮೂಗಿನ ನಳಿಗೆಯಲ್ಲಿ ಗಂಜಿ ಕುಡಿಯುವವನಿಗೂ ಸೇಬು ಕೊಟ್ಟು ಬಂದ ಪುಣ್ಯಾತ್ಮರು ಅವರು. ರೋಗಿಗೆ ಮೂತ್ರಕ್ಕೆ ಅವಸರವಾದರೂ ಆಮೆನ್ ಬರುವವರೆಗೆ ತಡೆದುಕೊಳ್ಳಬೇಕಿತ್ತು.

ಚೂಪಣ್ಣ ಇವರನ್ನು ಕಂಡರೆ ಮೂಗು ಮುರಿಯುತ್ತಿದ್ದ. ವರ್ಷದ ಸಭೆಯಲ್ಲಿ ಮಾಸ್ತರು ಬಳಗದ ವರದಿ ಓದುವಾಗ ಎದ್ದೇ ನಿಂತ.

"ಮಾಸ್ತರೇ, ಪುಸ್ತಕ ಬಿಟ್ಟು ಆ ಕೈಯಲ್ಲಿ ಬೇರೆ ಏನಾದ್ರೂ ಹಿಡಿದಿದ್ದೀರಾ? ಒಂದ್ಸಲ ರೋಗಿ ಕೆನ್ನೆ ಮುಟ್ಟಿ ನೋಡಿ, ಆಮೇಲೆ ವರದಿ ಓದಿ."

ಮಾಸ್ತರು ಕಾಗದ ಮಡಚಿ ಕೂತುಬಿಟ್ಟರು. ಚೂಪಣ್ಣ ಗೆದ್ದ ಹುಂಜದಂತೆ ಮನೆಗೆ ಬಂದು ಹೆಂಡತಿಗೆ ಅದನ್ನು ಎರಡೆರಡು ಸಲ ಹೇಳಿ ನಕ್ಕ.

ಹೆಂಡತಿ ನಗಲಿಲ್ಲ. ಅವಳ ತಲೆಯಲ್ಲಿದ್ದದ್ದು ಭಾವನ ಗಡ್ಡ.

ಚೂಪಣ್ಣನಿಗೆ ಒಬ್ಬ ಅಣ್ಣನಿದ್ದ, ಅವನೂ ಕ್ಷೌರಿಕನೇ. ಒಂದು ಕಾಲಕ್ಕೆ ಇಬ್ಬರದೂ ಒಂದೇ ಅಂಗಡಿ, ಅಕ್ಕಪಕ್ಕದ ಕುರ್ಚಿ. ಒಂದು ದಿನ ತಮ್ಮನ ಕತ್ತಿ ಗಿರಾಕಿಯ ಕಿವಿಗೆ ತಾಗಿತು. ಅಣ್ಣ ತುಂಬಿದ ಅಂಗಡಿಯಲ್ಲಿ ಅವನ ಕೈಯಿಂದ ಕತ್ತಿ ಕಿತ್ತುಕೊಂಡು, ಪಕ್ಕಕ್ಕೆ ಸರಿಸಿ, ಉಳಿದ ಅರ್ಧ ಮುಖವನ್ನು ತಾನೇ ಮುಗಿಸಿದ. ಅಷ್ಟೇ ಕಥೆ. ಅಷ್ಟಕ್ಕೇ ತಮ್ಮ ಬೇರೆ ಅಂಗಡಿ ಹಾಕಿದ, ಮಾತು ಬಿಟ್ಟ.

ಈಗ ಅಣ್ಣನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ದಿನಾ ಬೆಳಿಗ್ಗೆ ಕ್ಷೌರವಾಗದೆ ಬಾಗಿಲಿಗೂ ಬರದಿದ್ದ ಶಿಸ್ತುಗಾರ. ಅಂಥವನ ಗಡ್ಡ ಈಗ ಎದೆ ಮುಟ್ಟುತ್ತಿತ್ತು. ಅತ್ತಿಗೆ ನಾಚಿಕೆ ಬಿಟ್ಟು ಮೈದುನನ ಅಂಗಡಿಗೇ ಬಂದು ಹೇಳಿದಳು: ಅವರು ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟಿದ್ದಾರೆ, ನೋಡಲು ಬಂದವರನ್ನು ಒಳಗೆ ಬಿಡಬೇಡ ಅನ್ನುತ್ತಾರೆ, ನೀನೊಮ್ಮೆ ಬಾ. ಚೂಪಣ್ಣ ಕತ್ತಿ ಮಸೆಯುತ್ತಲೇ ಉತ್ತರ ಕೊಟ್ಟ. ಅವನೇ ಬಾಯಿಬಿಟ್ಟು ಕರೆಯಲಿ, ಬರುತ್ತೇನೆ.

ಹೆಂಡತಿಯೂ ಹೇಳಿ ನೋಡಿದಳು. ನೆರೆಯವನನ್ನು ಪ್ರೀತಿಸು ಎಂದು ಬರೆದಿದೆ, ಅಣ್ಣನ ಮನೆ ಎರಡು ಬೀದಿ ಆಚೆ ಇದೆ ಎಂದು ಅವನು ಚಟಾಕಿ ಹಾರಿಸಿದ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಅವಳು ತಟ್ಟೆ ಕುಕ್ಕಿ ಎದ್ದು ಹೋದಳು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ತಟ್ಟೆಯ ನೊಣ ಎಣಿಸುವ ಜಾತಿ ಇದು. ಮಾಸ್ತರ ಸೇಬು ಕಂಡ ಕಣ್ಣಿಗೆ ಒಡಹುಟ್ಟಿದವನ ಗಡ್ಡ ಕಾಣಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಪಾಸ್ಟರು ಆರಾಧನೆಯ ನಡುವೆ ಚೂಪಣ್ಣನನ್ನು ಎಬ್ಬಿಸಿ ನಿಲ್ಲಿಸಿ, ನಿಜವಾದ ಶಿಷ್ಯ ಎಂದರೆ ಇವನು ಎಂದರು. ಅವನು ಉಬ್ಬಿಹೋಗಿ ಸುತ್ತ ನೋಡಿದ. ಮುಂದಿನ ಬೆಂಚಿನಲ್ಲಿ ಅತ್ತಿಗೆ ಕೂತಿದ್ದಳು. ಎಲ್ಲರೂ ಹಿಂದಿರುಗಿ ನೋಡಿದರು, ಅವಳೊಬ್ಬಳು ನೋಡಲಿಲ್ಲ. ಸೆರಗಿನ ತುದಿಯನ್ನು ಸುಮ್ಮನೆ ಬೆರಳಿಗೆ ಸುತ್ತುತ್ತಿದ್ದಳು. ಪಾಸ್ಟರ ಮಾತು ಮುಗಿಯುವ ಮೊದಲೇ ಅವನು ಕೂತುಬಿಟ್ಟ.

ಮುಂದಿನ ರಜೆಯ ದಿನ ಪೆಟ್ಟಿಗೆ ಎತ್ತಿಕೊಂಡು ಹೊರಟ. ಪ್ರೀತಿ ಉಕ್ಕಿ ಹೊರಟ ಎಂದುಕೊಳ್ಳಬೇಡಿ. ದಾರಿಯುದ್ದಕ್ಕೂ ಒಂದು ನಾಟಕವನ್ನೇ ಕಟ್ಟಿಕೊಂಡಿದ್ದ. ಅಣ್ಣ ಕಣ್ಣೀರಿಡುತ್ತಾನೆ, ತಪ್ಪಾಯಿತು ಅನ್ನುತ್ತಾನೆ, ತಾನು ಹೋಗಲಿ ಬಿಡು ಎಂದು ಹೊಸ ಟವೆಲು ಬಿಡಿಸುತ್ತಾನೆ. ಆ "ಹೋಗಲಿ ಬಿಡು"ವನ್ನು ಯಾವ ದನಿಯಲ್ಲಿ ಹೇಳಬೇಕೆಂದೂ ನಿಶ್ಚಯವಾಗಿತ್ತು.

ಬಾಗಿಲು ತೆರೆದೇ ಇತ್ತು. ಒಳಗೆ ಅಣ್ಣ ಕುರ್ಚಿಯಲ್ಲಿ ದಿಂಬಿಗೆ ಒರಗಿ ಕೂತಿದ್ದ. ಅವನ ಮೇಲೆ ಬಗ್ಗಿ ನಿಂತವರು ಹೆಡ್‌ಮಾಸ್ತರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಕೈಯಲ್ಲಿ ಅಗ್ಗದ ರೇಜರು. ನೊರೆ ಅಣ್ಣನ ಕಿವಿಯೊಳಗೂ ಮಾಸ್ತರ ತೋಳಿನ ಮೇಲೂ ಇತ್ತು. ಉದ್ದ ಗಡ್ಡವನ್ನು ಎಂದೋ ಕತ್ತರಿಸಿಯಾಗಿತ್ತು. ಒಂದು ಕೆನ್ನೆಯ ಮೇಲೆ ರಕ್ತ ಹೀರಿದ ಹತ್ತಿಯ ಚುಕ್ಕಿಗಳು, ಅವುಗಳ ಪಕ್ಕದಲ್ಲಿ ಒಣಗಿದ ಹಳೆಯ ಗೀರುಗಳು. ಇದು ಮೊದಲ ಸಲವಲ್ಲ.

ಚೂಪಣ್ಣನಿಗೆ ನಗು ಬಂತು. ಇದೇನು ಕ್ಷೌರವೋ ಕೊಲೆಯೋ ಎಂದುಕೊಂಡು ಪೆಟ್ಟಿಗೆ ಇಳಿಸಿ, ಪಕ್ಕಕ್ಕೆ ಸರೀರಿ ಎಂದು ಕೈಚಾಚಿದ. ಮಾಸ್ತರು ಬದುಕಿದೆ ಎಂಬಂತೆ ರೇಜರು ಮುಂದೆ ಹಿಡಿದರು.

"ಅವತ್ತು ಸಭೆಯಲ್ಲಿ ನೀವು ಹೇಳಿದ್ದು ಸರಿ ಅನ್ನಿಸ್ತು. ಅದಕ್ಕೇ ಬರ್ತಾ ಇದ್ದೀನಿ. ಕೈ ಇನ್ನೂ ಕೂತಿಲ್ಲ," ಎಂದರು.

"ಕೊಡಬೇಡಿ," ಎಂದ ಅಣ್ಣ. ಸೊಟ್ಟಗಾದ ಬಾಯಿಂದ ಮಾತು ತೊದಲಿ ತೊದಲಿ ಬಂತು. ತಮ್ಮನ ಕಡೆ ನೋಡಿ ಹೇಳಿದ: "ನೀನು ಕಲ್ತಿದ್ದೂ ಈ ಕೆನ್ನೆ ಮೇಲೇ. ಅವತ್ತು ಅಷ್ಟು ಜನರ ಮುಂದೆ ನಿನ್ನ ಕೈಯಿಂದ ಕಿತ್ಕೊಂಡೆ, ಅದು ನನ್ನ ತಪ್ಪು. ನೀನು ಇವರ ಕೈಯಿಂದ ಕಿತ್ಕೋಬೇಡ."

ಚೂಪಣ್ಣ ವರ್ಷಗಟ್ಟಲೆ ಕಾದ ಮಾತು ಸಿಕ್ಕಿತು. ದಾರಿಯಲ್ಲಿ ತಯಾರು ಮಾಡಿಕೊಂಡು ಬಂದ ಉತ್ತರ ಮಾತ್ರ ಯಾವ ಕೆಲಸಕ್ಕೂ ಬರಲಿಲ್ಲ. ಚಾಚಿದ ಕೈ ಹಾಗೇ ಉಳಿಯಿತು. ನೀರು ತಂದ ಅತ್ತಿಗೆ ಆ ಕೈಗೆ ಬೋಗುಣಿ ಕೊಟ್ಟು ಒಳಗೆ ಹೋದಳು. ನಿಜವಾದ ಶಿಷ್ಯ ಬೋಗುಣಿ ಹಿಡಿದು ನಿಂತ.

ಕಸುಬುದಾರನ ಕಣ್ಣೆದುರು ಮಾಸ್ತರ ರೇಜರು ಇನ್ನಷ್ಟು ಅಂಕೆ ತಪ್ಪಿತು. ಗದ್ದದ ಹತ್ತಿರ ಮತ್ತೊಂದು ಗೀರು ಬಿತ್ತು. ಅಣ್ಣ ಮುಖ ಸಿಂಡರಿಸಲಿಲ್ಲ. ಚೂಪಣ್ಣನ ನಾಲಿಗೆಯ ತುದಿಗೆ ಬಂದ ಮಾತು ಏನಿತ್ತೋ, ನುಂಗಿಕೊಂಡ. ಬೋಗುಣಿಯನ್ನು ನೆಲಕ್ಕಿಟ್ಟು, ಮಾಸ್ತರ ರೇಜರು ಸಲೀಸಾಗಿ ಓಡಲಿ ಎಂದು ಅಣ್ಣನ ಕೆನ್ನೆಯ ಚರ್ಮವನ್ನು ಎರಡು ಬೆರಳಿನಿಂದ ಬಿಗಿಯಾಗಿ ಎಳೆದು ಹಿಡಿದ.